ಸೈನ್ಯಪ್ರವೇಶವೂ ವಯೋಮಿತಿಯೂ

ಚಿತ್ರದುರ್ಗದ ಸೀಮೆಯಲ್ಲಿ ಊರ ಹೊರಗಣ ವೀರಗಲ್ಲನ್ನು ಕಾಣದವರು ವಿರಳ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವನೂ, ಊರಳಿವಿನಲ್ಲಿ ಕಾದಿ ಬಿದ್ದವನೂ ಅಲ್ಲಿ ಶಿಲಾರೂಪದಿಂದ ನಿಂತಿರುತ್ತಾರೆ. ಬರೆಹವುಳ್ಳ ಕಲ್ಲುಗಳಲ್ಲಿ ಆಳುತ್ತಿದ್ದ ಅರಸನ ಹೆಸರುಂಟು, ಸಂವತ್ಸರ ಮಾಸಗಳುಂಟು, ಸತ್ತವನ ಹೆಸರುಂಟು. ಅವನು ಎಷ್ಟು ವರ್ಷದವನೆಂಬುದನ್ನು ಕೆತ್ತಿಸುವ ವಾಡಿಕೆ ಮಾತ್ರ ಇರಲಿಲ್ಲ. ಪಾಳೆಯಗಾರರ ಕಾಲದಲ್ಲಿ ಮತ್ತೋಡೂ ಒಂದು ಪಾಳೆಯಪಟ್ಟಾಗಿತ್ತು. ಮೈಸೂರು ಸಂಸ್ಥಾನದ ಕಂದಾಚಾರದ ಆಳು ಹೊಲವನ್ನು ಉಳುತ್ತಲೇ ಕೋಟೆಯನ್ನೂ ಕಾಯುತ್ತಿದ್ದನು. ಕರೆ ಬಂದಾಗ ನೇಗಿಲನ್ನು ಬಿಟ್ಟು ಈಟಿಯನ್ನು ಹಿಡಿಯುತ್ತಿದ್ದನು. ದುರ್ಗದ ಕಿಂಡಿಯಲ್ಲಿ ಒನಕೆಯನ್ನು ಹಿಡಿದು ನಿಂತ ಓಬವ್ವೆಯಂತೂ ಯಾವ ಸೈನ್ಯದ ಪಟ್ಟಿಯಲ್ಲಿಯೂ ಹೆಸರಿದ್ದವಳಲ್ಲ.

ಇದನ್ನು ಹೇಳಿದುದು ಹಿಂದಿನ ಕಾಲವನ್ನು ಹೊಗಳುವುದಕ್ಕಲ್ಲ. ಇಂದಿನ ಸೈನ್ಯಕ್ಕೆ ಪಟ್ಟಿ ಬೇಕು, ಶಿಕ್ಷಣ ಬೇಕು, ವೇತನದ ಲೆಕ್ಕ ಬೇಕು. ಆದಕಾರಣ ಒಂದು ಮಿತಿಯೂ ಬೇಕು. ವಿಚಾರಣೀಯವಾದ ವಿಷಯವು ಮತ್ತೊಂದು. ಸೈನ್ಯಕ್ಕೆ ಸೇರಲು ಬಂದವನನ್ನು ಮೊದಲು ಕೇಳುವ ಪ್ರಶ್ನೆಯು ‘ನಿನ್ನಿಂದ ಏನಾಗುತ್ತದೆ?’ ಎಂಬುದಲ್ಲ, ‘ನೀನು ಹುಟ್ಟಿದ ತಾರೀಖು ಯಾವುದು?’ ಎಂಬುದು. ಆ ತಾರೀಖು ಒಂದು ದಿನ ಹಿಂದಾದರೆ ಓಟವಿಲ್ಲ, ಎದೆಯ ಅಳತೆಯಿಲ್ಲ, ಬರವಣಿಗೆಯ ಪರೀಕ್ಷೆಯಿಲ್ಲ. ಬಂದ ದಾರಿಯಲ್ಲೇ ಹಿಂತಿರುಗತಕ್ಕದ್ದು. ಈ ಪದ್ಧತಿಯು ನ್ಯಾಯವೇ, ಯುಕ್ತವೇ, ದೇಶಕ್ಕೆ ಹಿತವೇ ಎಂಬುದನ್ನು ವಾಚಕ ಮಹಾಶಯರು ಪಕ್ಷಪಾತವಿಲ್ಲದೆ ವಿಮರ್ಶಿಸಬೇಕು.

ಮೊದಲು ವಸ್ತುಸ್ಥಿತಿ. 2022ನೆಯ ಇಸವಿ ಜೂನ್ 14ರಂದು ಕೇಂದ್ರ ಸರ್ಕಾರವು ಅಗ್ನಿಪಥವೆಂಬ ಯೋಜನೆಯನ್ನು ಪ್ರಕಟಿಸಿತು. ಸಿಪಾಯಿಯಾಗಿ ಸೇರುವವನು ಹದಿನೇಳೂವರೆ ವರ್ಷಕ್ಕೆ ಕಡಮೆಯಾಗಿರಕೂಡದು, ಇಪ್ಪತ್ತೊಂದನ್ನು ದಾಟಿರಕೂಡದು. ನಾಲ್ಕು ವರ್ಷಗಳ ಸೇವೆ. ಅನಂತರ ನೂರಕ್ಕೆ ಇಪ್ಪತ್ತೈದರ ಮಿತಿಯೊಳಗೆ ಆಯ್ದವರನ್ನು ಉಳಿಸಿಕೊಂಡು ಮಿಕ್ಕವರನ್ನು ಸೇವಾನಿಧಿಯೊಡನೆ ಮನೆಗೆ ಕಳುಹಿಸುವುದು. ಇದು ಆ ಯೋಜನೆಯ ಸಾರ. ಅದಕ್ಕೆ ಹಿಂದಿನ ಎರಡು ವರ್ಷ ಕೊರೋನಾ ರೋಗದ ದೆಸೆಯಿಂದ ಸೈನ್ಯದ ನೇಮಕವು ಬಹುಮಟ್ಟಿಗೆ ನಿಂತುಹೋಗಿತ್ತು. ಕಾದಿದ್ದವರ ಕೂಗೆದ್ದ ಮೇಲೆ, ಆ ಒಂದು ವರ್ಷದ ಮಟ್ಟಿಗೆ ಮಾತ್ರ, ಮಿತಿಯನ್ನು ಇಪ್ಪತ್ತಮೂರಕ್ಕೆ ಏರಿಸಿದರು. ಈ ಅಂಕಿಯು ಮುಂದೆ ಒಂದೆರಡು ವರ್ಷ ಹೆಚ್ಚಬಹುದು, ಕಡಮೆಯಾಗಬಹುದು. ಆಕ್ಷೇಪವಿರುವುದು ಅಂಕಿಯ ಮೇಲಲ್ಲ. ಅಂಕಿಯೊಂದನ್ನೇ ಪ್ರಮಾಣವೆಂದು ಕೈಹಿಡಿದ ಬುದ್ಧಿಯ ಮೇಲೆ.

ಅದೇ ಸರ್ಕಾರದ ಅದೇ ಸೈನ್ಯದಲ್ಲಿ ಬೇರೆ ಬಾಗಿಲುಗಳೂ ಇವೆ. ವೈದ್ಯರನ್ನು ಅಲ್ಪಾವಧಿಯ ಅಧಿಕಾರಿಗಳನ್ನಾಗಿ ತೆಗೆದುಕೊಳ್ಳುವಾಗ ಮೂವತ್ತರವರೆಗೂ, ಸ್ನಾತಕೋತ್ತರ ಪದವಿಯುಳ್ಳವರನ್ನು ಮೂವತ್ತೈದರವರೆಗೂ ಕರೆದಿದ್ದುಂಟು. ದಳಗಳಲ್ಲಿ ಪೂಜೆ ಪ್ರವಚನಗಳನ್ನು ನಡೆಸುವ ಪಂಡಿತನನ್ನು ನೇಮಿಸುವಾಗ ಮೂವತ್ತು ಕಳೆದವನನ್ನೂ ಒಪ್ಪುತ್ತಾರೆ. ಪ್ರಾದೇಶಿಕ ಸೇನೆಯೆಂಬ ಟೆರಿಟೋರಿಯಲ್ ಆರ್ಮಿಯಲ್ಲಂತೂ ಹದಿನೆಂಟರಿಂದ ನಲವತ್ತೆರಡರವರೆಗೆ ಪ್ರವೇಶವುಂಟು. ಮೇಲೆ ನೋಡಿದರೆ, ಭೂಸೇನೆಯ ಮುಖ್ಯಸ್ಥನು ಅರುವತ್ತೆರಡರವರೆಗೂ, ಮೂರು ಸೇನೆಗಳ ಸಂಯುಕ್ತ ಮುಖ್ಯಸ್ಥನು ಅರುವತ್ತೈದರವರೆಗೂ ಅಧಿಕಾರದಲ್ಲಿರಬಹುದು. ಕೊಡಗಿನ ಜನರಲ್ ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾದ ಮೇಲೆಯೂ ವಿಶ್ವಸಂಸ್ಥೆಯ ಕರೆಯನ್ನು ಮನ್ನಿಸಿ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯ ನಾಯಕತ್ವವನ್ನು ವಹಿಸಿ, 1965ರಲ್ಲಿ ಅಲ್ಲಿಯೇ, ಕರ್ತವ್ಯದಲ್ಲಿರುವಾಗಲೇ, ಕಾಲವಾದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ.

ಹೀಗಿರಲು ಇಪ್ಪತ್ತೆರಡಕ್ಕೆ ಒಬ್ಬನು ಮುದುಕ, ನಲವತ್ತೊಂದಕ್ಕೆ ಮತ್ತೊಬ್ಬನು ತರುಣ! ಶಾಸ್ತ್ರಕಾರರು ಅರ್ಧಜರತೀಯ ನ್ಯಾಯವೆಂದು ಪರಿಹಾಸ ಮಾಡುವುದು ಇದನ್ನೇ: ಒಂದೇ ಹೆಂಗಸನ್ನು ಅರ್ಧ ಮುದುಕಿಯೆಂದೂ ಅರ್ಧ ಹರೆಯದವಳೆಂದೂ ತನಗೆ ಬೇಕಾದಂತೆ ಹೇಳಿಕೊಳ್ಳುವುದು.

ಇನ್ನು ಪೂರ್ವಪಕ್ಷ. ಮಿತಿಯನ್ನು ಸಮರ್ಥಿಸುವವರು ಸುಮ್ಮನೆ ಮಾತನಾಡುವವರಲ್ಲ; ಅವರ ಮಾತಿನಲ್ಲಿ ತಿರುಳಿದೆ. ಗಡಿಯ ಹಿಮಪರ್ವತಗಳ ಮೇಲೆ ಉಸಿರಾಡುವುದೇ ಒಂದು ದುಡಿಮೆ. ಅಲ್ಲಿ ಮಣಭಾರವನ್ನು ಹೊತ್ತು ಏರುವವನಿಗೆ ಎಳೆಯ ಶ್ವಾಸಕೋಶವೂ ಗಟ್ಟಿಯಾದ ಮೊಣಕಾಲೂ ಬೇಕು. 1999ರಲ್ಲಿ ಕಾರ್ಗಿಲಿನ ಯುದ್ಧವು ಮುಗಿದ ಮೇಲೆ ನೇಮಕಗೊಂಡ ವಿಮರ್ಶಾ ಸಮಿತಿಯೂ, ಸಿಪಾಯಿಯ ಸೇವಾವಧಿಯನ್ನು ಹದಿನೇಳು ವರ್ಷದಿಂದ ಏಳು ಹತ್ತು ವರ್ಷಗಳಿಗೆ ಇಳಿಸಿ ಸೈನ್ಯವನ್ನು ಎಳೆಯದಾಗಿ ಇಟ್ಟುಕೊಳ್ಳಬೇಕೆಂದು ಸಲಹೆಯಿತ್ತಿತು. ತಡವಾಗಿ ಸೇರಿದವನು ಬೇಗ ದಣಿಯುವನು. ಗಾಯವು ಬೇಗ ಮಾಯದು. ಹೆಂಡತಿ ಮಕ್ಕಳ ಚಿಂತೆಯು ಅವನ ಬೆನ್ನ ಹಿಂದೆ ಇರುವುದು. ಅವನಿಗೆ ಸಲ್ಲಬೇಕಾದ ವಿಶ್ರಾಂತಿವೇತನದ ಭಾರವು ಬೊಕ್ಕಸದ ಮೇಲೆ ಬೀಳುವುದು. ಇವು ಅವರ ಹೇತುಗಳು.

ಮತ್ತೋಡಿನವರಿಗೆ ಈ ವಾದವನ್ನು ಊರಿನದೇ ದೃಷ್ಟಾಂತದಿಂದ ಹೇಳಬಹುದು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇಲ್ಲಿ ಬಳೆಯ ಗಾಜನ್ನು ಕಾಯಿಸುತ್ತಿದ್ದ ಒಲೆಗಳ ಸಂಗತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಗಾಜನ್ನು ಕಾದಿರುವಾಗಲೇ ಬಳೆಯಾಗಿ ತಿರುಗಿಸಬೇಕು. ಆರಿದ ಮೇಲೆ ಬಾಗಿಸಹೊರಟರೆ ಚೂರಾಗುತ್ತದೆ. ಹಾಗೆಯೇ ಸಿಪಾಯಿಯನ್ನೂ ಎಳವೆಯಲ್ಲಿಯೇ ತಿದ್ದಬೇಕೆನ್ನುತ್ತಾರೆ. ದೃಷ್ಟಾಂತವು ಚೆನ್ನಾಗಿದೆ, ದಾರ್ಷ್ಟಾಂತಿಕಕ್ಕೆ ಅದು ಪೂರ್ತಿಯಾಗಿ ಹೊಂದುವುದಿಲ್ಲ. ಗಾಜಿಗೆ ಮನಸ್ಸಿಲ್ಲ. ಇಪ್ಪತ್ತಾರು ವರ್ಷದ ಒಕ್ಕಲಮಗನು ಬಿಸಿಲಿನಲ್ಲಿ ಬಾವಿ ತೋಡಿ, ಮಳೆಯಿಲ್ಲದ ವರ್ಷವನ್ನು ರಾಗಿಯ ಅಂಬಲಿಯಲ್ಲಿ ಕಳೆದು, ತಂಗಿಯ ಮದುವೆಯ ಸಾಲವನ್ನು ತೀರಿಸಿ ಬಂದವನು. ಅವನನ್ನು ತಿದ್ದಬೇಕಾದುದರಲ್ಲಿ ಅರ್ಧವನ್ನು ಬಾಳೇ ತಿದ್ದಿ ಕಳುಹಿಸಿದೆ.

ಸಿದ್ಧಾಂತಕ್ಕೆ ಬರೋಣವಾಗಲಿ. ಪರ್ವತದ ಮೇಲಣ ಕಾಲಾಳಿಗೆ ಎಳೆಯ ದೇಹ ಬೇಕೆಂಬುದು ನಿರ್ವಿವಾದ. ಆದರೆ ವಯಸ್ಸು ಬಲವಲ್ಲ. ಬಲಕ್ಕೆ ಅದು ಉಪಲಕ್ಷಣ ಮಾತ್ರ. ಪಾಠಶಾಲೆಯಲ್ಲಿ ಉಪಲಕ್ಷಣಕ್ಕೆ ಕೊಡುವ ಉದಾಹರಣೆಯು ಪ್ರಸಿದ್ಧವಾಗಿದೆ. ದೇವದತ್ತನ ಮನೆ ಯಾವುದೆಂದು ಕೇಳಿದರೆ, ಮೇಲೆ ಕಾಗೆ ಕುಳಿತಿದೆಯಲ್ಲ, ಅದು ಎನ್ನುತ್ತಾರೆ. ಕಾಗೆಯು ಮನೆಯನ್ನು ತೋರಿಸಿತು; ಆದರೆ ಕಾಗೆಯೇ ಮನೆಯಲ್ಲ. ಅದು ಹಾರಿಹೋದರೂ ಮನೆಯು ನಿಂತಿರುತ್ತದೆ. ಪಕ್ಕದ ಹಾಳುಗೋಡೆಯ ಮೇಲೆ ಕುಳಿತರೆ ಹಾಳುಗೋಡೆಯು ದೇವದತ್ತನ ಮನೆಯಾಗುವುದಿಲ್ಲ. ಲಕ್ಷಾಂತರ ಅರ್ಜಿಗಳನ್ನು ವಿಂಗಡಿಸಬೇಕಾದವನಿಗೆ ಕಾಗೆಯು ಅನುಕೂಲವೇ ಸರಿ. ದೇವದತ್ತನೇ ಬಾಗಿಲಲ್ಲಿ ನಿಂತು ‘ಇದು ನನ್ನ ಮನೆ, ಒಳಗೆ ಬಂದು ನೋಡಿ’ ಎನ್ನುತ್ತಿರುವಾಗಲೂ ಕಾಗೆಯನ್ನೇ ಹುಡುಕುವುದು ಅನುಕೂಲವಲ್ಲ, ಆಲಸ್ಯ. ಓಡಿಸಿ ನೋಡಲು ಬಯಲಿದೆ, ಪರೀಕ್ಷಿಸಲು ವೈದ್ಯನಿದ್ದಾನೆ, ತೂಗಲು ತಕ್ಕಡಿಯಿದೆ. ಇವೆಲ್ಲವೂ ಇದ್ದು, ಇವುಗಳಿಗಿಂತ ಮುಂಚೆಯೇ ಕಾಗದವನ್ನು ನೋಡಿ ಬಾಗಿಲು ಹಾಕುವುದೇಕೆ?

ದೇಹಶಾಸ್ತ್ರದ ಪ್ರಮಾಣವೂ ಈ ಮಾತಿಗೆ ವಿರುದ್ಧವಾಗಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಮಧ್ಯವಯಸ್ಸನ್ನು ವಿಂಗಡಿಸುತ್ತ, ಇಪ್ಪತ್ತರವರೆಗೆ ವೃದ್ಧಿಯೆಂದೂ, ಮೂವತ್ತರವರೆಗೆ ಯೌವನವೆಂದೂ, ನಲವತ್ತರವರೆಗೆ ಸರ್ವಧಾತುಗಳ ಸಂಪೂರ್ಣತೆಯೆಂದೂ, ಅಲ್ಲಿಂದ ಮುಂದೆ ಅಲ್ಪಸ್ವಲ್ಪವಾಗಿ ಹಾನಿಯೆಂದೂ ಹೇಳಿದೆ. ಆ ಗಣನೆಯಂತೆ ಇಪ್ಪತ್ತೊಂದು ಯೌವನದ ಮೊದಲ ಮೆಟ್ಟಿಲು. ಆಧುನಿಕ ವೈದ್ಯರು ಈ ಗಣನೆಯನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ. ಪ್ರಾದೇಶಿಕ ಸೇನೆಯ ನಿಯಮಗಳನ್ನು ರಚಿಸಿದವರು ನಲವತ್ತೆರಡರಲ್ಲಿ ಗೆರೆಯೆಳೆದುದು ಸುಶ್ರುತನನ್ನು ಓದಿಯೂ ಅಲ್ಲ. ಆದರೂ ಎರಡೂ ಹತ್ತಿರ ಹತ್ತಿರ ಬಂದು ನಿಂತುದು ಗಮನಾರ್ಹ.

ಅಲ್ಲದೆ ಸೈನ್ಯದ ಕೆಲಸವೆಲ್ಲ ಪರ್ವತಾರೋಹಣವಲ್ಲ. ವಾಹನಗಳನ್ನು ದುರಸ್ತಿ ಮಾಡುವವನು, ಉಗ್ರಾಣದ ಲೆಕ್ಕವಿಡುವವನು, ಅಡಿಗೆಯವನು, ತಂತಿಯಿಲ್ಲದ ವಾರ್ತಾಯಂತ್ರವನ್ನು ನಡೆಸುವವನು, ಗಣಕಯಂತ್ರದ ಮೂಲಕ ನುಗ್ಗುವ ಶತ್ರುವನ್ನು ತಡೆಯುವವನು, ಇವರೆಲ್ಲರೂ ಸೈನಿಕರೇ. ಇದೇ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ, ನಾಲ್ಕು ಸಾವಿರ ಎಕರೆಗೂ ಮಿಕ್ಕ ನೆಲದಲ್ಲಿ, ಚಾಲಕನಿಲ್ಲದ ವಿಮಾನಗಳನ್ನು ಪರೀಕ್ಷಿಸುವ ಕ್ಷೇತ್ರವು 2017ನೆಯ ಇಸವಿ ಮೇ ತಿಂಗಳಲ್ಲಿ ಪ್ರಾರಂಭವಾಯಿತು. 2025ರ ಮೇ ತಿಂಗಳಲ್ಲಿ ನೆರೆರಾಜ್ಯದೊಡನೆ ನಡೆದ ನಾಲ್ಕು ದಿನಗಳ ಕಾಳಗದಲ್ಲಿ ಅಂತಹ ಯಂತ್ರಗಳು ಎರಡು ಕಡೆಯಿಂದಲೂ ಹಾರಿದುವು. ಅವುಗಳನ್ನು ನಡೆಸುವವನಿಗೆ ಬೇಕಾದುದು ತೀಕ್ಷ್ಣವಾದ ಕಣ್ಣು, ನಡುಗದ ಕೈ, ಅವಸರಪಡದ ಬುದ್ಧಿ. ಈ ಗುಣಗಳು ಇಪ್ಪತ್ತೊಂದನೆಯ ಹುಟ್ಟುಹಬ್ಬದ ಮರುದಿನ ಒಬ್ಬನನ್ನು ಬಿಟ್ಟು ಹೋಗುತ್ತವೆಂದು ಯಾವ ವೈದ್ಯನು ಹೇಳಿಯಾನು?

ಇನ್ನು ಆ ಕಾಗದದ ಯೋಗ್ಯತೆಯೆಷ್ಟೆಂಬುದನ್ನೂ ನೋಡಬೇಕು. ಹಳ್ಳಿಯ ಶಾಲೆಯ ದಾಖಲೆಪುಸ್ತಕವನ್ನು ಬಿಚ್ಚಿದವರೆಲ್ಲರಿಗೂ ತಿಳಿದ ಗುಟ್ಟೊಂದುಂಟು: ಜೂನ್ ಒಂದನೆಯ ತಾರೀಖಿನಲ್ಲಿ ಹುಟ್ಟಿದ ಮಕ್ಕಳು ಮಿಕ್ಕೆಲ್ಲ ದಿನಗಳಲ್ಲಿ ಹುಟ್ಟಿದವರಿಗಿಂತ ಹೆಚ್ಚು! ಇದು ಗ್ರಹಗತಿಯ ವಿಶೇಷವಲ್ಲ, ಮೇಷ್ಟರ ಲೇಖನಿಯ ವಿಶೇಷ. ಮಗುವನ್ನು ಕೈಹಿಡಿದು ತಂದ ತಾಯಿಗೆ ಗೊತ್ತಿದ್ದುದು ‘ಗೌರಿಹಬ್ಬದ ಹಿಂದುಮುಂದು’ ಎಂಬುದಷ್ಟೆ. ಯಾವ ವರ್ಷದ ಗೌರಿಹಬ್ಬವೆಂದರೆ ಕೆರೆ ಕೋಡಿ ಬಿದ್ದ ವರ್ಷದ್ದು. ಮೇಷ್ಟರು ಶಾಲೆಗೆ ಸೇರಿಸಬೇಕಾದ ವಯಸ್ಸನ್ನು ಲೆಕ್ಕಹಾಕಿ ಅದಕ್ಕೆ ಸರಿಹೊಂದುವ ತಾರೀಖನ್ನು ಬರೆದರು. ಮಗುವು ಮನೆಯಲ್ಲಿದ್ದರೆ ದನದ ಹಿಂದೆ ಹೋದೀತೆಂಬ ಮರುಕದಿಂದ ಒಂದು ವರ್ಷವನ್ನು ಹೆಚ್ಚಾಗಿಯೇ ಬರೆದದ್ದೂ ಉಂಟು. ಅಂದು ಆ ಕೃಪೆಯು ಮಗುವಿಗೆ ಅಕ್ಷರವನ್ನು ಕೊಟ್ಟಿತು. ಹದಿನೈದು ವರ್ಷಗಳ ಮೇಲೆ ಅದೇ ಕೃಪೆಯು ಸೈನ್ಯದ ಬಾಗಿಲನ್ನು ಮುಚ್ಚಿತು. ಬರೆದವರಿಗೆ ದೋಷವೆಣಿಸಲಾಗದು, ಆದರೆ ಬರೆದುದು ವೇದವಾಕ್ಯವೆಂಬಂತೆ ನಡೆದುಕೊಳ್ಳುವವರಿಗೆ ದೋಷವನ್ನು ಎಣಿಸಲೇಬೇಕು.

ಇದು ಬಡವರ ಮನೆಯ ಕಥೆಯೊಂದೇ ಅಲ್ಲ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಹುಟ್ಟಿದ ವರ್ಷವು ಶಾಲೆಯ ಅರ್ಹತಾಪತ್ರದಲ್ಲಿ 1951 ಎಂದೂ, ಸೈನಿಕ ಶಿಕ್ಷಣಾಲಯಕ್ಕೆ ಸೇರಲು ಚಿಕ್ಕಂದಿನಲ್ಲಿ ತುಂಬಿದ ಅರ್ಜಿಯಲ್ಲಿ 1950 ಎಂದೂ ಇತ್ತು. ಈ ಒಂದು ವರ್ಷದ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು; 2012ರ ಫೆಬ್ರವರಿ 10ರಂದು ಅವರು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡು, ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾದರು. ಹತ್ತುಲಕ್ಷಕ್ಕೂ ಹೆಚ್ಚು ಯೋಧರ ಒಡೆಯನಿಗೇ ತನ್ನ ಹುಟ್ಟಿದ ವರ್ಷವನ್ನು ಕಾಗದದಲ್ಲಿ ತಿದ್ದಿಸಿಕೊಳ್ಳುವುದಾಗಲಿಲ್ಲವೆಂದರೆ, ದಂಡಾಪೂಪ ನ್ಯಾಯದಿಂದ, ಮತ್ತೋಡಿನ ಒಕ್ಕಲಮಗನ ಗತಿಯನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ದಂಡವನ್ನೇ ಇಲಿ ತಿಂದಿದ್ದರೆ ಅದಕ್ಕೆ ಸಿಕ್ಕಿಸಿದ್ದ ಕಜ್ಜಾಯದ ಮಾತೇನು?

ಜನನ ಮರಣ ನೋಂದಣಿಯ ಶಾಸನವು 1969ರಲ್ಲಿಯೇ ಆಗಿದ್ದರೂ, ಜನನಪತ್ರವೊಂದನ್ನೇ ಪ್ರಮಾಣವೆಂದು ಎಣಿಸುವ ನಿಯಮವು 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಮಾತ್ರ ಅನ್ವಯಿಸುತ್ತದೆ. ಆ ಮಕ್ಕಳು ಸೈನ್ಯದ ಬಾಗಿಲಿಗೆ ಬರುವುದು 2041ರ ಸುಮಾರಿಗೆ. ಅಲ್ಲಿಯವರೆಗೆ ಬರುವವರಲ್ಲಿ ಅನೇಕರು ಮೇಷ್ಟರ ಜೂನ್ ಒಂದನ್ನೇ ಹೊತ್ತು ಬರುವವರು.

ಮಿತಿಯ ಏಟು ಯಾರ ಮೇಲೆ ಬೀಳುತ್ತದೆಂಬುದೂ ವಿಚಾರಾರ್ಹ. ಪಟ್ಟಣದಲ್ಲಿ ಅಧಿಕಾರಿಯ ಮಗನಿಗೆ ಸೈನಿಕ ಶಿಕ್ಷಣಾಲಯದ ಸಮಾಚಾರವು ಹದಿನೈದನೆಯ ವಯಸ್ಸಿಗೇ ತಿಳಿದಿರುತ್ತದೆ. ತಂದೆ ಅರ್ಜಿ ತುಂಬುತ್ತಾನೆ, ತಾಯಿ ಹಾಲು ಮೊಟ್ಟೆಗಳನ್ನು ಒದಗಿಸುತ್ತಾಳೆ. ಹೊಸದುರ್ಗದ ಮೂಲೆಯ ಹಟ್ಟಿಯ ಹುಡುಗನಿಗೆ ಅದೇ ಸಮಾಚಾರವು ತಿಳಿಯುವುದು ಯಾರೋ ರಜಕ್ಕೆ ಬಂದ ಸಿಪಾಯಿಯ ಬಾಯಿಂದ. ಅಷ್ಟರಲ್ಲಿ ಅಪ್ಪನ ಕೊಳವೆಬಾವಿ ಬತ್ತಿರುತ್ತದೆ. ಹಿರಿಯ ಮಗನಾದುದರಿಂದ ಓದನ್ನು ಎರಡು ವರ್ಷ ನಿಲ್ಲಿಸಿ ಬೆಂಗಳೂರಿನಲ್ಲಿ ಗಾರೆಕೆಲಸವನ್ನು ಮಾಡಿರುತ್ತಾನೆ. ಮನೆಯನ್ನು ದಡಕ್ಕೆ ಹತ್ತಿಸಿ ‘ಇನ್ನು ನನ್ನ ದಾರಿ’ ಎಂದು ಹೊರಡುವ ವೇಳೆಗೆ ಇಪ್ಪತ್ತಮೂರು ತುಂಬಿರುತ್ತದೆ. ತಂದೆತಾಯಿಗಳನ್ನು ಸಲಹಿದ ವರ್ಷಗಳೇ ಅವನ ಅಪರಾಧವಾಗುತ್ತವೆ. ಕುಟುಂಬವನ್ನು ಬಿಟ್ಟೋಡದವನು ಠಾಣೆಯನ್ನೂ ಬಿಟ್ಟೋಡನೆಂಬ ಸಾಮಾನ್ಯ ತರ್ಕವು ನಿಯಮವನ್ನು ಬರೆದವರಿಗೆ ಏಕೆ ಹೊಳೆಯಲಿಲ್ಲವೋ! 2020, 2021ರ ವಿಷಯವಂತೂ ಇನ್ನೂ ವಿಪರೀತ. ಬಾಗಿಲನ್ನು ಹಾಕಿಕೊಂಡುದು ಸರ್ಕಾರ, ಹೊರಗೆ ಕಾಯುತ್ತ ಬೆಳೆದವನು ಹುಡುಗ. ಒಂದು ವರ್ಷದ ರಿಯಾಯತಿಯಿಂದ ಆ ಋಣವು ತೀರಿತೆಂದು ಹೇಳುವುದು ಸಾಲಗಾರನೇ ತನ್ನ ಲೆಕ್ಕವನ್ನು ಬರೆದುಕೊಂಡಂತೆ.

ಇಷ್ಟನ್ನು ಕೇಳಿ, ‘ಹಾಗಾದರೆ ಮಿತಿಯನ್ನೇ ತೆಗೆದುಹಾಕಿರಿ, ದೇಶಭಕ್ತಿಗೆ ವಯಸ್ಸೇನು?’ ಎಂದು ಸಭೆಗಳಲ್ಲಿ ಮೇಜು ಗುದ್ದುವವರಿದ್ದಾರೆ. ಅವರಿಗೂ ಉತ್ತರವನ್ನು ಕೊಡದೆ ಬಿಡಲಾಗದು. ದ್ರೋಣಾಚಾರ್ಯರು ಎಂಬತ್ತೈದರಲ್ಲಿ ಹದಿನಾರರವನಂತೆ ಕಾದಿದರೆಂದು ಅವರು ಭಾರತವನ್ನು ತೋರಿಸುತ್ತಾರೆ. ದ್ರೋಣರು ಹೊಸದಾಗಿ ಸೇರಿದ ಕಾಲಾಳಲ್ಲ, ಆಜನ್ಮ ಧನುರ್ಧರರು. ಅದೇ ದ್ರೋಣಪರ್ವದಲ್ಲಿ ಭಗದತ್ತನೂ ಇದ್ದಾನೆ. ಮುಪ್ಪಿನಿಂದ ಜೋತುಬಿದ್ದ ರೆಪ್ಪೆಗಳನ್ನು ಪಟ್ಟಿಯಿಂದ ಮೇಲಕ್ಕೆ ಕಟ್ಟಿಕೊಂಡು ಅವನು ಆನೆಯ ಮೇಲಿಂದ ಹೋರಾಡುತ್ತಿದ್ದನು. ಅರ್ಜುನನ ಬಾಣಕ್ಕೆ ಪಟ್ಟಿ ಹರಿಯಿತು, ಲೋಕವೇ ಕತ್ತಲಾಯಿತು. ಶೌರ್ಯವು ಕುಂದಿರಲಿಲ್ಲ, ರೆಪ್ಪೆಯು ಕುಂದಿತ್ತು. ಯುದ್ಧದಲ್ಲಿ ಅಷ್ಟೇ ಸಾಕು.

ಈಚಿನ ಚರಿತ್ರೆಯೂ ಎಚ್ಚರಿಕೆಯನ್ನೇ ಹೇಳುತ್ತದೆ. 1944ರಲ್ಲಿ ಸೋಲು ಬಾಗಿಲಿಗೆ ಬಂದಾಗ ಜರ್ಮನಿಯು ಹದಿನಾರರಿಂದ ಅರುವತ್ತರವರೆಗಿನ ಗಂಡಸರನ್ನು ಜನಸೇನೆಯೆಂದು ಕರೆದು ಅರೆಬರೆ ಶಿಕ್ಷಣದಿಂದ ಟ್ಯಾಂಕುಗಳ ಮುಂದೆ ನಿಲ್ಲಿಸಿತು. 2022ರ ಮೇ ತಿಂಗಳಲ್ಲಿ ರಷ್ಯವು ಒಪ್ಪಂದದ ಸೈನಿಕರಿಗಿದ್ದ ನಲವತ್ತರ ಮಿತಿಯನ್ನು ತೆಗೆದುಹಾಕಿತು. ಅದು ಹಿರಿಯರ ಮೇಲಣ ಗೌರವದಿಂದಲ್ಲ. ಯುಕ್ರೇನಿನ ಮೇಲೆ ದಂಡೆತ್ತಿ ಮೂರು ತಿಂಗಳಾಗಿತ್ತು, ಆಳುಗಳು ಬೇಕಾಗಿದ್ದರು. ಮಿತಿಯನ್ನು ಏರಿಸುವ ರಾಜ್ಯವೆಲ್ಲ ಜನರನ್ನು ಮನ್ನಿಸುವ ರಾಜ್ಯವಲ್ಲ. ಇದಕ್ಕೆ ಪ್ರತಿಯಾಗಿ, 1940ರ ಮೇ ತಿಂಗಳಲ್ಲಿ ಇಂಗ್ಲೆಂಡು ಹದಿನೇಳರಿಂದ ಅರುವತ್ತೈದರವರೆಗಿನವರನ್ನು ಗೃಹರಕ್ಷಣೆಗೆ ಕರೆದಾಗ ಕೆಲವು ವಾರಗಳಲ್ಲಿಯೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಅವರಿಗೆ ಸೇತುವೆ, ಕಾರ್ಖಾನೆ, ಕಡಲತೀರಗಳ ಕಾವಲನ್ನು ವಹಿಸಿದರು. ವಯಸ್ಸಿಗೆ ತಕ್ಕ ಕೆಲಸವನ್ನು ಕೊಡುವುದಕ್ಕೂ, ಕೆಲಸಕ್ಕೆ ಬಾರದ ವಯಸ್ಸನ್ನು ಬೆಂಕಿಗೆ ನೂಕುವುದಕ್ಕೂ ಇರುವ ಭೇದವು ಇಲ್ಲಿ ಸ್ಪಷ್ಟವಾಗಿದೆ.

ಭಾರತದಲ್ಲಿ ಈ ಮಧ್ಯಮ ಮಾರ್ಗವು ಇಲ್ಲದೆ ಇಲ್ಲ. ಪ್ರಾದೇಶಿಕ ಸೇನೆಯ ಶಾಸನವು 1948ರಲ್ಲಿ ಆಯಿತು. 1949ರ ಅಕ್ಟೋಬರ್ 9ರಂದು ರಾಜಾಜಿಯವರು ಅದನ್ನು ಉದ್ಘಾಟಿಸಿದರು. ತನ್ನ ಉದ್ಯೋಗವನ್ನು ಬಿಡದೆ, ವರ್ಷದಲ್ಲಿ ನಿಯತಕಾಲ ಶಿಕ್ಷಣ ಪಡೆದು, ಕರೆ ಬಂದಾಗ ಸಮವಸ್ತ್ರವನ್ನು ಧರಿಸುವುದು ಅದರ ಕ್ರಮ. ಕಂದಾಚಾರದ ಆಳಿನ ಹೊಸ ರೂಪವೆಂದರೂ ಸಲ್ಲುವುದು. ಅದು ಅಲಂಕಾರದ ಸೇನೆಯಲ್ಲ. 2025ರ ಮೇ ತಿಂಗಳಲ್ಲಿ ಅದರ ಮೂವತ್ತೆರಡು ಕಾಲಾಳು ದಳಗಳ ಪೈಕಿ ಹದಿನಾಲ್ಕನ್ನು ಸೇವೆಗೆ ಕರೆಯಲು ಕೇಂದ್ರ ಸರ್ಕಾರವು ಸೇನಾ ಮುಖ್ಯಸ್ಥರಿಗೆ ಅಧಿಕಾರವನ್ನು ಕೊಟ್ಟಿತು. ಅಂದರೆ, ಮೂವತ್ತು ಕಳೆದವರ ಭುಜವು ದೇಶಕ್ಕೆ ಬೇಕಾದ ಗಳಿಗೆ ಬಂದಿತ್ತು.

ಆದರೆ ಮತ್ತೋಡು ಹೋಬಳಿಯಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿದರೆ, ಇಂತಹ ಸೇನೆಯೊಂದಿದೆಯೆಂದು ಎಷ್ಟು ಜನ ಹೇಳಿಯಾರು? ಸೈನ್ಯದಲ್ಲಿ ಗೌರವಪದವಿಯನ್ನು ಪಡೆದ ಆಟಗಾರನ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಆ ಬಾಗಿಲು ತಮಗೂ ಉಂಟೆಂದು ಅವರಿಗೆ ಯಾರೂ ಹೇಳಿಲ್ಲ. ತೆರೆದ ಬಾಗಿಲು ಕಾಣದಿದ್ದರೆ ಅದು ಮುಚ್ಚಿದ ಬಾಗಿಲಿಗೆ ಸಮಾನವೇ. ಅಧಿಕಾರಿಯಾಗಿ ಸೇರುವುದಕ್ಕೆ ಪದವಿಯೂ ಬೇಕು, ಸ್ವಂತ ಸಂಪಾದನೆಯೂ ಬೇಕೆಂಬ ನಿಬಂಧನೆಯಿರುವುದರಿಂದ ಅದು ನಿರುದ್ಯೋಗಿಯ ಹೊಟ್ಟೆಯನ್ನು ತುಂಬಿಸುವ ಉಪಾಯವೂ ಅಲ್ಲ. ಇದನ್ನು ಮರೆಮಾಚುವುದು ಸರಿಯಲ್ಲ.

ಆದಕಾರಣ ಆಗಬೇಕಾದ ಕೆಲಸಗಳು ಇಂತಿವೆ. ಒಂದನೆಯದಾಗಿ, ಎಲ್ಲ ಸಿಪಾಯಿಗಳಿಗೂ ಒಂದೇ ಗೆರೆಯನ್ನು ಎಳೆಯದೆ, ಕೆಲಸಕ್ಕೊಂದು ಮಿತಿಯನ್ನಿಟ್ಟು, ಆ ಮಿತಿಯೇಕೆಂಬ ಕಾರಣವನ್ನೂ ಪ್ರಕಟಿಸಬೇಕು. ಪರ್ವತದ ಕಾಲಾಳಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಇರಲಿ. ಯಂತ್ರಗಾರನಿಗೂ ಲೆಕ್ಕದವನಿಗೂ ಮೂವತ್ತಿರಲಿ. ಎರಡನೆಯದಾಗಿ, ಮಿತಿಯನ್ನು ಎರಡು ಮೂರು ವರ್ಷದೊಳಗೆ ದಾಟಿದವನಿಗೆ ಹೆಚ್ಚು ಕಠಿಣವಾದ ದೇಹಪರೀಕ್ಷೆಯನ್ನಿಟ್ಟು, ಅದರಲ್ಲಿ ಗೆದ್ದವನನ್ನು ಒಳಕ್ಕೆ ಬಿಡಬೇಕು. ಸೋತವನು ತನ್ನ ಕಾಲಿಗೆ ಸೋತನೇ ಹೊರತು ಕಾಗದಕ್ಕೆ ಸೋತಂತಾಗದು. ಮೂರನೆಯದಾಗಿ, ಮುಂದೆ ಎಂದಾದರೂ ಸರ್ಕಾರವು ತಾನಾಗಿ ನೇಮಕವನ್ನು ನಿಲ್ಲಿಸಿದರೆ, ಆ ಕಾಲವನ್ನು ಅಭ್ಯರ್ಥಿಯ ವಯಸ್ಸಿಗೆ ಸೇರಿಸಕೂಡದೆಂದು ನಿಯಮವಾಗಬೇಕು. ನಾಲ್ಕನೆಯದಾಗಿ, ಪ್ರಾದೇಶಿಕ ಸೇನೆಯ ಪ್ರಕಟಣೆಯು ಪ್ರತಿಯೊಂದು ಗ್ರಾಮ ಪಂಚಾಯತಿಯ ಗೋಡೆಯ ಮೇಲೂ ಕನ್ನಡದಲ್ಲಿ ಅಂಟಬೇಕು.

ಈ ನಾಲ್ಕರಲ್ಲಿ ಮೊದಲ ಮೂರು ದೆಹಲಿಯ ಕೈಯಲ್ಲಿವೆ. ನಾಲ್ಕನೆಯದು ಹೊಸದುರ್ಗದವರ ಕೈಯಲ್ಲಿಯೇ ಇದೆ. ಅದಕ್ಕೆ ಬೇಕಾದುದು ಒಂದು ಹಾಳೆ, ಒಂದಿಷ್ಟು ಅಂಟು, ಓದಿ ಹೇಳುವ ಒಬ್ಬ ಮೇಷ್ಟರು. ದೆಹಲಿಗೆ ಮನವಿಯನ್ನು ಕಳುಹಿಸಿ ಉತ್ತರಕ್ಕಾಗಿ ಕಾಯುವವರು, ಕಾಯುವ ಹೊತ್ತಿನಲ್ಲಿ ಇದನ್ನಾದರೂ ಮಾಡಲಿ. ಅವರು ಮಾಡದೆ ಕಳೆಯುವ ಒಂದೊಂದು ವರ್ಷವೂ ಯಾವನೋ ಒಬ್ಬನ ಪಾಲಿಗೆ ನಲವತ್ತೆರಡನೆಯ ವರ್ಷವಾಗಿರುತ್ತದೆ.